‘ಏನಿಲ್ಲ, ಬರುತ್ತಿದ್ದೇನೆ’

ಸರಸ್ವತಿಪುರಂ, ಮೈಸೂರು

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿ ನಾಲ್ಕು ದಿನವಾಯಿತು. ತೊಣ್ಣೂರು ಕೆರೆಯ ದಡದ ಡೇರೆ, ರಾತ್ರಿಯ ಚಳಿ, ಸೀದುಹೋದ ಉಪ್ಪಿಟ್ಟು, ಎಲ್ಲವನ್ನೂ ದೊಡ್ಡಮ್ಮನಿಗೆ ಓದಿ ಹೇಳಿದೆ. ಒಂದು ಸಾಲನ್ನು ಮಾತ್ರ ಹಾರಿಸಿಬಿಟ್ಟೆ. ಕುಂತಿಬೆಟ್ಟ ಇಳಿಯುವಾಗ ಕಾಲು ನಡುಗುತ್ತಿದ್ದರೂ, ಕೆಳಗಿನಿಂದ ಕೂಗಿ ಕೇಳಿದವರಿಗೆ ‘ಏನಿಲ್ಲ, ಬರುತ್ತಿದ್ದೇನೆ’ ಎಂದೆಯಂತೆ. ಹೊರೆಯಾಗುತ್ತೇನೆ ಎಂಬ ಭಯವಂತೆ.

ಕಾಲು ನಡುಗಿದ್ದಕ್ಕೆ ನನಗೆ ಗಾಬರಿಯಿಲ್ಲ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕು. ಹತ್ತಿ ದಣಿದ ಕಾಲು ಆಗ ನಡುಗದೆ ಇನ್ನೇನು ಮಾಡುತ್ತದೆ? ನನ್ನ ನಿದ್ದೆ ಕೆಡಿಸಿದ್ದು ಆ ‘ಏನಿಲ್ಲ’.

ನಿನ್ನ ಅಪ್ಪ ಬಿದ್ದ ಕಥೆ ನಿನಗೆ ಬಾಯಿಪಾಠ, ಮತ್ತೆ ಹೇಳುವುದಿಲ್ಲ. ಆದರೆ ಬೀಳುವ ಮೊದಲು ಅವನೂ ಅದೇ ಮಾತು ಹೇಳಿದ್ದ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದೇ ಬೆಟ್ಟ. ಪಾಂಡವಪುರ ಸ್ಟೇಷನ್ನಿನಿಂದ ನಡೆದೇ ಹೋಗಿದ್ದೆವು (ನಮ್ಮ ಅಜ್ಜ ಕೊನೆಯವರೆಗೂ ಆ ಊರನ್ನು ಫ್ರೆಂಚ್ ರಾಕ್ಸ್ ಎಂದೇ ಕರೆದರು). ಹತ್ತಲು ಶುರುಮಾಡುವಷ್ಟರಲ್ಲಿ ಹನ್ನೊಂದು ಗಂಟೆ, ಬಂಡೆಯೆಲ್ಲ ಕಾದ ಕಾವಲಿ. ತುದಿಯಿಂದ ಕೆರೆಯನ್ನೂ ಕಬ್ಬಿನ ಗದ್ದೆಗಳನ್ನೂ ಮೊದಲು ನೋಡಿದವನು ನಾನಾಗಬೇಕೆಂಬ ಹುಚ್ಚು ನನಗೆ. ಹಿಂದಿನಿಂದ ‘ಏನಿಲ್ಲಣ್ಣ, ನೀನು ನಡಿ’ ಎಂದ. ಆ ದನಿ ಒಣಗಿತ್ತು. ಅದು ನನಗೆ ಕೇಳಿಸಿತ್ತು, ಮಗಳೇ. ಕೇಳಿಸಿಯೂ ತಿರುಗಲಿಲ್ಲ. ನೀರಿನ ಕ್ಯಾನು ನನ್ನ ಹೆಗಲಿನಲ್ಲೇ ಇತ್ತು.

ಹೊರೆ ಎನ್ನುತ್ತೀಯಲ್ಲ, ಅದಕ್ಕೇ ಇಷ್ಟು ಬರೆದೆ. ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟುಕೊಂಡು ಉಳಿದವರು ಹಿಂದೆ ನಡೆಯಬೇಕು. ಹಾಗೆ ಮಾಡದ ತಪ್ಪು ನಿನ್ನ ಗೆಳತಿಯರದು. ಅಂದು ನನ್ನದು.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ, ಆದರೂ ಕೇಳು. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಾಗಿರಲಿ. ಬೇಸಿಗೆಯಾದರೆ ಬಂಡೆ ಕಾಯುವ ಮೊದಲೇ ಇಳಿದುಬಿಡು. ಉಪ್ಪು ಹಾಕಿದ ಮಜ್ಜಿಗೆ ಒಯ್ಯಿ. ಬಿಸಿಲಿನಲ್ಲಿ ತಲೆ ಸುತ್ತಿದರೆ, ವಾಕರಿಕೆ ಬಂದರೆ ನೆರಳಿಗೆ ಹೋಗಿ ಕೂತುಬಿಡು, ತುದಿ ಎಲ್ಲಿಗೂ ಓಡಿಹೋಗುವುದಿಲ್ಲ. ಇದೆಲ್ಲ ನಿನ್ನ ಮೊಬೈಲಿನಲ್ಲೂ ಸಿಕ್ಕೀತು, ಬಿಡು. ‘ನನ್ನ ಕೈಲಾಗುತ್ತಿಲ್ಲ, ನಿಲ್ಲಿ’ ಎನ್ನುವುದನ್ನು ಮಾತ್ರ ನೀನೇ ಕೂಗಿ ಹೇಳಬೇಕು.

ನಾನೀಗ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದರೆ ನಂದಿಯ ಹತ್ತಿರವೇ ಕೂತುಬಿಡುತ್ತೇನೆ, ದೇವಿಗೆ ಅಲ್ಲಿಂದಲೇ ಕೈಮುಗಿಯುತ್ತೇನೆ. ನಿನ್ನ ಅಪ್ಪ ಬಂದಾಗ ಇಬ್ಬರೂ ಬಸ್ಸಿನಲ್ಲಿ ಹೋಗುತ್ತೇವೆ. ಇಳಿಯುವಾಗ ಕೈಕೊಡಲು ಹೋದರೆ ಈಗಲೂ ‘ಏನಿಲ್ಲಣ್ಣ’ ಎನ್ನುತ್ತಾನೆ. ಅಂದು ಯಾಕೆ ತಿರುಗಲಿಲ್ಲ ಎಂದು ಒಂದು ದಿನವೂ ಕೇಳಿಲ್ಲ.

ಈ ಕಾಗದವನ್ನು ಅವನಿಗೆ ತೋರಿಸುವುದೂ ಬಿಡುವುದೂ ನಿನಗೆ ಸೇರಿದ್ದು. ದೊಡ್ಡಮ್ಮ ಮಂಡಿಗೆ ಹಚ್ಚುವ ಎಣ್ಣೆ ಕಾಯಿಸಿಟ್ಟಿದ್ದಾಳೆ, ಎರಡು ಸೀಸೆ. ಒಂದು ಅವನಿಗೆ.

ಇಂತಿ,
ನಿನ್ನ ದೊಡ್ಡಪ್ಪ