ಆರ್‌ಎ ಅಂಕಿ ಇಳಿಯಿತೆಂದು ಮಾತ್ರೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಜಗಳೂರು, ಹೊಳಲ್ಕೆರೆ, ಚಳ್ಳಕೆರೆ ಕಡೆಯಿಂದ ದಾವಣಗೆರೆಗೆ ಬಸ್ಸು ಹತ್ತಿ ಬರುವ ಸಂಧಿವಾತದ (ರುಮಟಾಯ್ಡ್ ಆರ್ಥ್ರೈಟಿಸ್) ರೋಗಿಗಳು ರಕ್ತಪರೀಕ್ಷೆಯ ರಿಪೋರ್ಟ್ ಹಿಡಿದು ಮೊದಲು ಕೇಳುವುದು ‘ಆರ್‌ಎ ಎಷ್ಟು ಬಂದಿದೆ?’ ಎಂದು. ಹೋದ ಸಲ 64 ಇದ್ದದ್ದು ಈಗ 32 ಎಂದರೆ ಮುಖ ಅರಳುತ್ತದೆ, ಮುಂದಿನ ತಿಂಗಳಿಂದ ಮಾತ್ರೆ ನಿಲ್ಲುತ್ತದೆ. 128 ಎಂದರೆ ಅಂದಿನ ಊಟ ಸೇರುವುದಿಲ್ಲ. ಈ ಖುಷಿಗೂ ಆಧಾರವಿಲ್ಲ, ಈ ಗಾಬರಿಗೂ ಆಧಾರವಿಲ್ಲ.

ಆರ್‌ಎ ಫ್ಯಾಕ್ಟರ್ ಎಂದರೆ ನಮ್ಮದೇ ಐಜಿಜಿ ಎಂಬ ಪ್ರತಿಕಾಯದ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಬಾಲಕ್ಕೆ ಅಂಟಿಕೊಳ್ಳುವ ಇನ್ನೊಂದು ಪ್ರತಿಕಾಯ. ಚಿಕ್ಕ ಲ್ಯಾಬ್‌ಗಳಲ್ಲಿ ಇದನ್ನು ನೋಡುವ ರೂಢಿಯ ದಾರಿ ಲೇಟೆಕ್ಸ್ ಸ್ಲೈಡ್. ಕಪ್ಪು ಸ್ಲೈಡಿನ ಮೇಲೆ ಒಂದು ಹನಿ ಸೀರಮ್ (ರಕ್ತದ ತಿಳಿ), ಒಂದು ಹನಿ ಲೇಟೆಕ್ಸ್ (ಐಜಿಜಿ ಲೇಪಿಸಿದ ಸಣ್ಣ ಕಣಗಳ ಬಿಳಿ ದ್ರವ) ಹಾಕಿ, ಕಡ್ಡಿಯಿಂದ ಕಲಸಿ, ಎರಡು ನಿಮಿಷ ತೂಗಾಡಿಸಬೇಕು. ಹಾಲಿನಂತಿದ್ದದ್ದು ಒಡೆದ ಹಾಲಿನ ಹಾಗೆ ಕಣಕಣವಾದರೆ ಪಾಸಿಟಿವ್. ಮೂರ್ನಾಲ್ಕು ನಿಮಿಷ ಬಿಟ್ಟು ನೋಡಿದರೆ ಅಂಚು ಒಣಗಿ, ಇಲ್ಲದ ಕಣವೂ ಕಾಣುತ್ತದೆ. ಹೆಚ್ಚಿನ ಕಿಟ್‌ಗಳು ಹಿಡಿಯುವ ಕನಿಷ್ಠ ಮಟ್ಟ ಮಿಲಿಲೀಟರಿಗೆ 8 ಐಯು (ಅಂತರರಾಷ್ಟ್ರೀಯ ಯೂನಿಟ್). ಸೀರಮ್ಮನ್ನು ಸಲೈನ್ ಎಂಬ ಉಪ್ಪುನೀರಿನಲ್ಲಿ ಅರ್ಧರ್ಧ ತೆಳು ಮಾಡುತ್ತ ಹೋಗಿ, ಕಣ ಕಾಣುವ ಕೊನೆಯ ಹನಿ ಎಷ್ಟು ಪಟ್ಟು ತೆಳುವೋ ಅದನ್ನು 8ರಿಂದ ಗುಣಿಸುತ್ತಾರೆ. ಹಾಗಾಗಿ ಉತ್ತರ 8, 16, 32, 64 ಎಂದೇ ಬರುತ್ತದೆ. ನಡುವೆ 45 ಎಂಬುದಿಲ್ಲ. ಒಂದೇ ರಕ್ತವನ್ನು ಎರಡು ಸಲ ನೋಡಿದರೂ ಒಂದು ಮೆಟ್ಟಿಲು ಆಚೀಚೆ ಆಗುವುದು ಈ ವಿಧಾನದ ಸ್ವಭಾವ. 64 ಹೋಗಿ 32 ಆಯಿತೆಂದರೆ ಅಷ್ಟೇ ಅರ್ಥ. ಇನ್ನು ಮೊದಲ ಸಲ ಸ್ಲೈಡ್, ಎರಡನೇ ಸಲ ಬೇರೆ ಲ್ಯಾಬಿನ ಯಂತ್ರ ಎಂದಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ವ್ಯರ್ಥ.

ಈ ಫ್ಯಾಕ್ಟರ್ ಸಂಧಿವಾತದ ಸ್ವಂತ ಸೊತ್ತೂ ಅಲ್ಲ. ವಯಸ್ಸಾದವರಲ್ಲಿ, ಕ್ಷಯ, ಹೆಪಟೈಟಿಸ್ ಸಿ ಇದ್ದವರಲ್ಲಿ, ಆರೋಗ್ಯವಂತರಲ್ಲೂ ಕೆಲವರಲ್ಲಿ ಸಿಗುತ್ತದೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅದನ್ನೇ ವರ್ಷಗಟ್ಟಲೆ ಕುಡಿದು ಬೆನ್ನು, ಮಂಡಿ ಬಿಗಿದುಕೊಂಡವರಿಗೆ ಅಕಸ್ಮಾತ್ ಆರ್‌ಎ ಪಾಸಿಟಿವ್ ಬಂದರೆ, ಬೇಡದ ಮಾತ್ರೆ ಶುರುವಾಗುವ ಅಪಾಯವಿದೆ. ಚಿಕೂನ್‌ಗುನ್ಯಾ ಬಿಟ್ಟುಹೋಗುವ ಕೀಲುನೋವಿನಲ್ಲೂ ಇದೇ ಗೊಂದಲ.

ಆ್ಯಂಟಿ-ಸಿಸಿಪಿ ಹೆಚ್ಚು ನಂಬಬಹುದಾದ ಪರೀಕ್ಷೆ. ದೇಹದ ಪ್ರೋಟೀನ್‌ಗಳಲ್ಲಿನ ಆರ್ಜಿನಿನ್ ಎಂಬ ಅಮೈನೊ ಆಮ್ಲ ಸಿಟ್ರುಲಿನ್ ಆಗಿ ಬದಲಾದಾಗ ಅದನ್ನು ಪರಕೀಯವೆಂದು ತಿಳಿದು ಹುಟ್ಟುವ ಪ್ರತಿಕಾಯವಿದು. ಬೀಡಿ-ಸಿಗರೇಟು, ವಸಡಿನ ಸೋಂಕು, ಕಲ್ಲಿನ ಸಿಲಿಕಾ ದೂಳು ಇದಕ್ಕೆ ಇಂಬು ಕೊಡುತ್ತವೆ. ಕ್ರಷರ್ ಕೆಲಸದವರು ಗಮನಿಸಬೇಕು. ಕೀಲು ಊದುವುದಕ್ಕೆ ವರ್ಷಗಳ ಮೊದಲೇ ಈ ಪ್ರತಿಕಾಯ ರಕ್ತದಲ್ಲಿ ಸಿಗುವುದುಂಟು. 2010ರಿಂದ ಬಳಕೆಯಲ್ಲಿರುವ ರೋಗ ಗುರುತಿಸುವ ಅಂಕ ಪದ್ಧತಿಯಲ್ಲಿ ಆರ್‌ಎ, ಸಿಸಿಪಿ ಈ ಎರಡರಲ್ಲಿ ಯಾವುದೇ ಒಂದು ಸಹಜ ಮೇಲ್ಮಿತಿಯ ಮೂರು ಪಟ್ಟು ಮೀರಿದರೆ 3 ಅಂಕ, ಅದಕ್ಕಿಂತ ಕಡಿಮೆ ಪಾಸಿಟಿವ್ ಇದ್ದರೆ 2. ಕೀಲು ಮುಂತಾದವುಗಳ ಅಂಕವೂ ಸೇರಿ ಒಟ್ಟು 10ಕ್ಕೆ 6 ಬಂದರೆ ರೋಗವೆಂದು ಲೆಕ್ಕ. ಎರಡೂ ನೆಗೆಟಿವ್ ಇದ್ದು ರೋಗವಿರುವವರು ನೂರಕ್ಕೆ 20ರಿಂದ 30 ಮಂದಿ.

ಒಮ್ಮೆ ಪಾಸಿಟಿವ್ ಎಂದು ಖಚಿತವಾದ ಮೇಲೆ ತಿಂಗಳು ತಿಂಗಳು ಈ ಪರೀಕ್ಷೆಗಳನ್ನು ಮಾಡಿಸಬೇಕಿಲ್ಲ. ಈ ಪ್ರತಿಕಾಯ ತಯಾರಿಸುವ ಕೋಶಗಳಲ್ಲಿ ಕೆಲವು ಮೂಳೆಮಜ್ಜೆಯಲ್ಲಿ ವರ್ಷಗಟ್ಟಲೆ ಬದುಕುತ್ತವೆ; ಕೀಲು ತಣ್ಣಗಾದರೂ ಅವು ಸುಮ್ಮನಿರುವುದಿಲ್ಲ. ಚಿಕಿತ್ಸೆಗೆ ಆರ್‌ಎ ಸ್ವಲ್ಪ ಇಳಿಯಬಹುದು, ಸಿಸಿಪಿ ಇಳಿಯುವುದು ಇನ್ನೂ ಕಡಿಮೆ. ರೋಗ ಪೂರ್ತಿ ಹತೋಟಿಯಲ್ಲಿದ್ದೂ ಸಿಸಿಪಿ ನೂರಾರು ಇರುವವರಿದ್ದಾರೆ.

ಹತೋಟಿಯನ್ನು ಅಳೆಯುವುದು ಹೆಬ್ಬೆರಳಿನಿಂದ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಬೆರಳ ಬುಡದ 10, ಬೆರಳ ನಡುವಿನ 10, ಎರಡು ಮಂಡಿ, ಒಟ್ಟು 28 ಕೀಲು. ಒತ್ತುವವರ ಉಗುರು ಬೆಳ್ಳಗಾಗುವಷ್ಟು ಒತ್ತಿ, ನೋವಿರುವವು ಎಷ್ಟು, ಊದಿದವು ಎಷ್ಟು ಎಂದು ಎಣಿಸಬೇಕು. ಅದಕ್ಕೆ ರೋಗಿ ಹತ್ತಕ್ಕೆ ಕೊಡುವ ಅಂಕ, ವೈದ್ಯರು ಹತ್ತಕ್ಕೆ ಕೊಡುವ ಅಂಕ ಕೂಡಿಸಿದರೆ ಸಿಡಿಎಐ ಎಂಬ, ರೋಗದ ಜೋರು ಅಳೆಯುವ ಸೂಚ್ಯಂಕ. 2.8 ಅಥವಾ ಕಡಿಮೆ ಬಂದರೆ ಉಪಶಮನ, 22 ಮೀರಿದರೆ ಜೋರು. ರಕ್ತವೂ ಬೇಡ, ದುಡ್ಡೂ ಬೇಡ. ಒಂದು ಕೊರತೆಯುಂಟು: ಪಾದದ ಕೀಲುಗಳು ಈ 28ರಲ್ಲಿ ಇಲ್ಲ. ಚಪ್ಪಲಿ ಮೆಟ್ಟಲಾಗದವರೂ ಲೆಕ್ಕದಲ್ಲಿ ‘ಗುಣ’ವಾಗಿಬಿಡುತ್ತಾರೆ. ಬೆಳಿಗ್ಗೆ ರೊಟ್ಟಿ ತಟ್ಟಲು ಬೆರಳು ಎಷ್ಟು ಹೊತ್ತಿಗೆ ಸಡಿಲವಾಗುತ್ತವೆ ಎಂದೂ ಕೇಳಬೇಕು.

ದೇಹದ ಉರಿಯೂತ ತೋರಿಸುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ನೆರವಿಗಿವೆ, ಆದರೆ ಎಚ್ಚರ ಬೇಕು. ಹಿಮೋಗ್ಲೋಬಿನ್ 8 ಇರುವ ಹೆಣ್ಣುಮಗಳಿಗೆ ವಾತವಿಲ್ಲದೆಯೂ ಇಎಸ್‌ಆರ್ ಏರುತ್ತದೆ. ಟ್ಯೂಬು ಸ್ವಲ್ಪ ಓರೆ ನಿಂತರೂ ಏರುತ್ತದೆ. ಸಿಆರ್‌ಪಿ ಒಂದು ಕಡೆ ಲೀಟರಿಗೆ 12 ಮಿಲಿಗ್ರಾಂ, ಇನ್ನೊಂದು ಕಡೆ ಡೆಸಿಲೀಟರಿಗೆ 1.2. ಎರಡೂ ಒಂದೇ. ಇದು ಗೊತ್ತಿಲ್ಲದೆ ರೋಗ ಹತ್ತು ಪಟ್ಟು ಇಳಿಯಿತೆಂದು ನಂಬಿದರೆ ಕಷ್ಟ.

ಹಾಗಾದರೆ ಪ್ರತಿಕಾಯದ ರಿಪೋರ್ಟ್ ಬಿಸಾಡಬಹುದೇ? ಖಂಡಿತ ಇಲ್ಲ, ಲ್ಯಾಮಿನೇಟ್ ಮಾಡಿಸಿ ಇಡಿ. ಪಾಸಿಟಿವ್ ಇದ್ದವರಲ್ಲಿ ಮೂಳೆ ಸವೆಯುವುದು ಹೆಚ್ಚು, ಮಾತ್ರೆ ಇಳಿಸಿದಾಗ ರೋಗ ಮರುಕಳಿಸುವುದೂ ಹೆಚ್ಚು. ಮೊದಲು ಸ್ಟೀರಾಯ್ಡ್ ನಿಲ್ಲಬೇಕು, ಆಮೇಲೂ ಕನಿಷ್ಠ ಆರು ತಿಂಗಳು ಉಪಶಮನ ಗಟ್ಟಿಯಾಗಿ ನಿಲ್ಲಬೇಕು. ಅನಂತರವೇ ಉಳಿದ ಮಾತ್ರೆ ಇಳಿಸುವ ಮಾತು, ಅದೂ ಮೆಲ್ಲಗೆ. ಈ ರೋಗಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೊಂದೇ ದಿನ. ಚೀಟಿಯಲ್ಲಿ ಆ ದಿನದ ಹೆಸರನ್ನೇ ಬರೆಸಿಕೊಳ್ಳಿ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಎರವಾಗುತ್ತದೆ.

‘ಕೀಲುನೋವಿನ ಪ್ಯಾಕೇಜ್’ ಹೆಸರಿನಲ್ಲಿ ಆರ್‌ಎ, ಸಿಸಿಪಿಯನ್ನು ಪದೇ ಪದೇ ಮಾಡಿಸುವ ಲ್ಯಾಬ್‌ಗಳು ಅದನ್ನು ಬಿಟ್ಟು, ರಿಪೋರ್ಟಿನಲ್ಲಿ ವಿಧಾನ, ಯೂನಿಟ್, ಆ ಕಿಟ್‌ನ ಮೇಲ್ಮಿತಿ ಮೂರನ್ನೂ ಅಚ್ಚು ಹಾಕಲಿ. ವೈದ್ಯರು ಪ್ರತಿ ಭೇಟಿಯಲ್ಲೂ ನೋವಿನ ಕೀಲು ಇಷ್ಟು, ಊದಿದ ಕೀಲು ಇಷ್ಟು ಎಂದು ಚೀಟಿಯ ಮೂಲೆಯಲ್ಲಿ ಬರೆಯಲಿ. ಎರಡು ಅಂಕಿ, ಅರ್ಧ ಸಾಲು.

– ಇಬ್ಬರು ವೈದ್ಯರು, ದಾವಣಗೆರೆ