ಬೀಚಿಗೆ ಹೋಗುವ ದಾರಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ತೆಂಗಿನ ಸಾಲಿನ ಬೀಚುಗಳ ಬಗ್ಗೆ ಆಗಾಗ ಲೇಖನ ಬರುತ್ತದೆ. ಫೋಟೊ ನೋಡಿದರೆ ಇವತ್ತೇ ಹೊರಟುಬಿಡೋಣ ಅನಿಸುತ್ತದೆ. ಓದುತ್ತಾ ಹೋದರೆ ಬರೀ ರೆಸಾರ್ಟ್, ಈಜುಕೊಳ, ಕಡಲಿಗೆ ಮುಖ ಮಾಡಿದ ಕೋಣೆ. ಅಷ್ಟು ದುಡ್ಡಿಲ್ಲದವರು ಇದು ನಮಗಲ್ಲ ಅಂತ ಪುಟ ತಿರುಗಿಸುತ್ತಾರೆ. ನನಗೆ ಬೇಸರ ಆಗುವುದು ಇಲ್ಲೇ. ಹೆಚ್ಚಿನ ಕಡೆ ಕಡಲು ನೋಡಲು ದುಡ್ಡು ಕೊಡಬೇಕಿಲ್ಲ. ದುಡ್ಡು ಬೇಕಾಗುವುದು ನೀರಿನ ಪಕ್ಕದಲ್ಲೇ ಮಲಗುವುದಕ್ಕೆ. ಸ್ವಲ್ಪ ಒಳಗಿನ ಊರಲ್ಲಿ ಕೋಣೆ ಹಿಡಿದು, ಬಸ್ಸಲ್ಲಿ ಬಂದು ಹೋದರೆ ಅದೇ ಮರಳು, ಅದೇ ಅಲೆ.

ಆದರೆ ಬಸ್ಸಲ್ಲಿ ಬರುವವರ ಕೈಯಲ್ಲಿ ಇರುವುದು ಕೆಲವೇ ಗಂಟೆ. ಅವರಿಗೆ ಮೊದಲು ಬೇಕಾದ್ದು ಉಬ್ಬರ ಇಳಿತದ ಸಮಯ. ಲೇಖನಗಳಲ್ಲಿ ಅದು ಇರುವುದೇ ಇಲ್ಲ. ದಂಡೆ ಕಿರಿದಾಗಿದ್ದರೆ ಉಬ್ಬರದ ಹೊತ್ತಿಗೆ ನೀರು ತೆಂಗಿನ ಬುಡಕ್ಕೇ ಬರುತ್ತದೆ. ಮಣ್ಣು ಕೊಚ್ಚಿಹೋಗಿ ಬೇರುಗಳು ಹೊರಗೆ ಜೋತಾಡುತ್ತಿರುತ್ತವೆ, ಕಾಲಿಡಲು ಮರಳೇ ಇರುವುದಿಲ್ಲ. ಆರು ಗಂಟೆ ಕಳೆದು ಬಂದರೆ ಅಲ್ಲೇ ಉದ್ದಕ್ಕೂ ನಡೆದಾಡಬಹುದು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಜೋರಾಗಿರುತ್ತದೆ. ಇಷ್ಟು ಗೊತ್ತಿದ್ದರೆ ಯಾವ ಬಸ್ಸು ಹಿಡಿಯಬೇಕು ಅಂತ ಮನೆಯಲ್ಲೇ ಲೆಕ್ಕ ಹಾಕಬಹುದು, ಅಲ್ವಾ?

ಸೀಸನ್ ಶುರುವಾಗುವ ಮುಂಚಿನ ಇಲ್ಲವೇ ಮುಗಿದ ಮೇಲಿನ ವಾರಗಳಲ್ಲಿ ಬಾಡಿಗೆ ಇಳಿಯುತ್ತದೆ, ಜನವೂ ಕಡಿಮೆ. ಜೋರು ಮಳೆಗಾಲದಲ್ಲಿ ಇನ್ನೂ ಅಗ್ಗ ಸಿಗಬಹುದು, ಆದರೆ ಆಗ ನೀರಿಗೆ ಇಳಿಯುವ ಹಾಗಿಲ್ಲ. ಈ ಮಾತನ್ನು ಬರೆಯದೆ ಅಗ್ಗದ ದಿನಗಳನ್ನು ಮಾತ್ರ ಹೇಳುವುದು ತಪ್ಪು.

ಇನ್ನೊಂದು ಮುಖ್ಯ ವಿಷಯ. ದುಡ್ಡು ಉಳಿಸಲು ನಾವು ಹುಡುಕುವ ಖಾಲಿ ಬೀಚುಗಳಲ್ಲಿ ಜೀವರಕ್ಷಕರು ಇರುವುದು ಅಪರೂಪ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು, ನಡುವೆ ಒಂದು ಜಾಗ ಮಾತ್ರ ಶಾಂತವಾಗಿ ಕಂಡರೆ, ಮಕ್ಕಳು ಅಲ್ಲಿಗೇ ಓಡುತ್ತಾರೆ. ಎಷ್ಟೋ ಸಲ ಕಡಲಿಗೆ ಎಳೆದೊಯ್ಯುವ ಸೆಳೆತ ಇರುವುದು ಅಲ್ಲೇ. ಅದರಲ್ಲಿ ಸಿಕ್ಕಿಕೊಂಡವರು ನೇರ ದಡದ ಕಡೆ ಈಜಿ ಸುಸ್ತಾಗಬಾರದು. ದಂಡೆಗೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಗೆ ಬಂದು, ಆಮೇಲೆ ದಡಕ್ಕೆ ಬರಬೇಕು. ಮರದ ಕೆಳಗೆ ಟವೆಲ್ ಹಾಸುವ ಮುಂಚೆ ತಲೆ ಎತ್ತಿ ನೋಡುವುದೂ ಒಳ್ಳೆಯದು. ಕಾಯಿ ಅಷ್ಟೇ ಅಲ್ಲ, ಒಣಗಿದ ಗರಿಯೂ ಬೀಳುತ್ತದೆ.

ಕೊನೆಯದಾಗಿ, ದಾರಿ. ಎರಡು ದೊಡ್ಡ ಕಾಂಪೌಂಡ್‌ಗಳ ನಡುವೆ ಒಬ್ಬರು ನಡೆಯುವಷ್ಟು ಓಣಿ ಇರುತ್ತದೆ, ಬೋರ್ಡ್ ಇರುವುದಿಲ್ಲ. ಅದು ಗೊತ್ತಿಲ್ಲದವರು ರೆಸಾರ್ಟ್ ಗೇಟಿನಿಂದಲೇ ವಾಪಸ್ ಹೋಗುತ್ತಾರೆ. ಬಾರ್ಬಡೋಸ್, ಹವಾಯಿಗಳಲ್ಲಿ ಬೀಚು ಸಾರ್ವಜನಿಕರದ್ದು. ಮೆಕ್ಸಿಕೊದಲ್ಲಿ ಬೀಚಿಗೆ ಹೋಗುವವರನ್ನು ತಡೆಯುವ ಪಕ್ಕದ ಜಾಗದ ಮಾಲೀಕರಿಗೆ ದಂಡ ಹಾಕಲು 2020ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಜಮೈಕಾದಲ್ಲಿ ಹಾಗಿಲ್ಲ. 1956ರ ಕಾಯ್ದೆ ಅಲ್ಲಿನ ಜನರಿಗೆ ದಂಡೆಯ ಮೇಲೆ ಅಂಥ ಹಕ್ಕು ಕೊಟ್ಟಿಲ್ಲ, ಅದಕ್ಕಾಗಿ ಅವರು ಈಗಲೂ ಕೇಳುತ್ತಲೇ ಇದ್ದಾರೆ. ಹಕ್ಕು ಇರುವ ಕಡೆಯೂ ಓಣಿ ಎಲ್ಲಿದೆ ಅಂತ ಗೊತ್ತಿರಬೇಕಲ್ಲ?

ಹಾಗಾಗಿ ನನ್ನ ಕೋರಿಕೆ ಇಷ್ಟು. ಬೀಚಿನ ಪ್ರತಿ ಲೇಖನದ ಜೊತೆ ಒಂದು ಚಿಕ್ಕ ಬಾಕ್ಸ್ ಹಾಕಿ. ಸಾರ್ವಜನಿಕರ ದಾರಿ ಎಲ್ಲಿದೆ, ಕೊನೆಯ ಬಸ್ಸು ಎಷ್ಟಕ್ಕೆ, ಕುಡಿಯುವ ನೀರು ಮತ್ತು ಶೌಚಾಲಯ ಇದೆಯೇ, ಜೀವರಕ್ಷಕರು ಇರುತ್ತಾರೆಯೇ, ಉಬ್ಬರದ ಸಮಯ ಎಲ್ಲಿ ಸಿಗುತ್ತದೆ. ಜಾಗ ಸಾಲದಿದ್ದರೆ ಒಂದು ಫೋಟೊ ಕಡಿಮೆ ಮಾಡಿ.

ಇಂತಿ,
ನಿಮ್ಮ ಓದುಗ