ನಲವತ್ತೆಂಟು ಅಂಕಗಳ ತಂಡ

ಆತ್ಮೀಯ ಓದುಗರೇ,

2024ರ ಮೇ 19ಕ್ಕೆ ಇಂಗ್ಲೆಂಡ್ ಫುಟ್‌ಬಾಲಿನ ಮೇಲಿನ ವಿಭಾಗವಾದ ಪ್ರೀಮಿಯರ್ ಲೀಗ್‌ನ 2023–24ರ ಋತು ಮುಗಿಯಿತು. ಲಿವರ್‌ಪೂಲ್ ನಗರದ ನೀಲಿ ಅಂಗಿಯ ತಂಡ, ನಮ್ಮ ಎವರ್ಟನ್, 40 ಅಂಕದೊಂದಿಗೆ 15ನೇ ಸ್ಥಾನದಲ್ಲಿ ನಿಂತಿತು. ಹತ್ತು ವರ್ಷ ಬಿಟ್ಟು ಯಾರಾದರೂ ಈ ಅಂಕಪಟ್ಟಿ ತೆಗೆದು ನೋಡಿದರೆ ಅವರ ಕಣ್ಣಿಗೆ ಬೀಳುವುದು ಕೆಳಗಿನ ವಿಭಾಗಕ್ಕೆ ಇಳಿಯುವುದನ್ನು ಹೇಗೋ ತಪ್ಪಿಸಿಕೊಂಡ ಒಂದು ಸಾಧಾರಣ ತಂಡ. ಆ ಪಟ್ಟಿಯ ಮೇಲೆ ನನ್ನದೊಂದು ತಕರಾರಿದೆ, ಈ ಸಂಚಿಕೆಯ ಸಂಪಾದಕೀಯ ಅದಕ್ಕೇ ಮೀಸಲು. ಮೈದಾನದಲ್ಲಿ ಈ ಹುಡುಗರು ಗಳಿಸಿದ್ದು 48 ಅಂಕ: 13 ಗೆಲುವು, 9 ಡ್ರಾ. ಉಳಿದ 8 ಅಂಕಗಳನ್ನು ಯಾವ ಎದುರಾಳಿಯೂ ಕಸಿದುಕೊಳ್ಳಲಿಲ್ಲ, ಅವು ಹೋದದ್ದು ಲೆಕ್ಕಪತ್ರದ ಮೇಜಿನ ಮೇಲೆ.

ನಮ್ಮ ಅಭಿಮಾನಿಗಳ ಸಂಘದಲ್ಲಿ ಲಿವರ್‌ಪೂಲ್‌ನ ಕೆಂಪು ಅಂಗಿಯವರೇ ಹೆಚ್ಚು, ನೀಲಿಯವರು ಬೆರಳೆಣಿಕೆಯಷ್ಟು. ಎರಡು ಮೂರು ವರ್ಷಗಳಿಂದ ಕೆಂಪಿನವರು ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ: “ಈ ಸಲ ಉಳೀತೀರೇನ್ರೀ?” ಅದರಲ್ಲಿ ಕುಹಕಕ್ಕಿಂತ ಕನಿಕರ ಹೆಚ್ಚು. ಕುಹಕವನ್ನಾದರೂ ಸಹಿಸಬಹುದು, ಕನಿಕರ ಕಷ್ಟ.

ಋತು ಶುರುವಾದದ್ದೇನೋ ಕೆಟ್ಟದಾಗಿಯೇ. ಮೊದಲ ಮೂರು ಪಂದ್ಯ ಸೋತೆವು, ಮೂರರಲ್ಲೂ ಒಂದು ಗೋಲು ಬರಲಿಲ್ಲ. ತವರಿನ ಮೊದಲ ನಾಲ್ಕು ಲೀಗ್ ಪಂದ್ಯಗಳೂ ಕೈತಪ್ಪಿದವು. ಆಗಷ್ಟೇ ಬಡ್ತಿ ಪಡೆದು ಬಂದಿದ್ದ ಲೂಟನ್ ಕೂಡ ನಮ್ಮ ತವರು ಮೈದಾನ ಗುಡಿಸನ್ ಪಾರ್ಕ್‌ನಲ್ಲಿ 2–1ರಿಂದ ಗೆದ್ದು ಹೋಯಿತು. ಅಕ್ಟೋಬರ್‌ನಲ್ಲಿ ಬೋರ್ನ್‌ಮತ್ ತಂಡವನ್ನು 3–0ಯಿಂದ ಸೋಲಿಸಿದ ಮೇಲೆ ಆಟಕ್ಕೊಂದು ಹದ ಬಂತು. ನವೆಂಬರ್ ಮಧ್ಯದ ಹೊತ್ತಿಗೆ 14 ಅಂಕ, 14ನೇ ಸ್ಥಾನ. ಉಸಿರಾಡುವ ಸ್ಥಿತಿ.

ನವೆಂಬರ್ 17ರಂದು ಸ್ವತಂತ್ರ ಆಯೋಗದ ತೀರ್ಪು ಬಂತು: 10 ಅಂಕ ಕಡಿತ. ಲೀಗ್‌ನ ಇತಿಹಾಸದಲ್ಲಿ ಅಷ್ಟು ದೊಡ್ಡ ಕಡಿತ ಅದಕ್ಕೆ ಮೊದಲು ಆಗಿರಲಿಲ್ಲ. 2010ರಲ್ಲಿ ದಿವಾಳಿಯಂಚಿಗೆ ಬಂದು ಆಡಳಿತಾಧಿಕಾರಿಯ ಕೈಗೆ ಹೋಗಿದ್ದ ಪೋರ್ಟ್ಸ್‌ಮತ್‌ಗೂ ಕಡಿತವಾದದ್ದು 9 ಅಂಕ. ಒಂದೇ ಮಧ್ಯಾಹ್ನದಲ್ಲಿ ನಾವು 14ರಿಂದ 19ನೇ ಸ್ಥಾನಕ್ಕೆ ಜಾರಿದೆವು, ಕೈಯಲ್ಲಿ ಉಳಿದದ್ದು ನಾಲ್ಕು ಅಂಕ.

ಯಾವ ತಪ್ಪಿಗೆ? ಕ್ಲಬ್ಬೊಂದು ಮೂರು ವರ್ಷಗಳಲ್ಲಿ ಒಟ್ಟು 105 ಮಿಲಿಯನ್ ಪೌಂಡ್‌ಗಿಂತ ಹೆಚ್ಚು ನಷ್ಟ ತೋರಿಸುವಂತಿಲ್ಲ ಎಂಬುದು ಲೀಗ್‌ನ ಆಗಿನ ನಿಯಮ. 2021–22ಕ್ಕೆ ಕೊನೆಯಾದ ಅವಧಿಯಲ್ಲಿ ಎವರ್ಟನ್‌ನ ನಷ್ಟ 124.5 ಮಿಲಿಯನ್, ಅಂದರೆ ಮಿತಿಗಿಂತ 19.5 ಮಿಲಿಯನ್ ಹೆಚ್ಚು. ಮಿತಿ ಮೀರಿದ್ದು ನಿಜ. ನಮ್ಮ ಕ್ಲಬ್ ಅಮಾಯಕ ಎಂದು ವಾದಿಸುವ ಅಭಿಮಾನಿಗಳ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. 2016ರಲ್ಲಿ ಮಾಲೀಕ ಫರ್ಹಾದ್ ಮೊಶಿರಿ ಬಂದಂದಿನಿಂದ ಹಣ ಸುರಿದ ರೀತಿಯನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಕೂಮನ್, ಅಲರ್ಡೈಸ್, ಸಿಲ್ವಾ, ಆಂಚೆಲೊಟ್ಟಿ, ಬೆನಿಟೆಜ್, ಲ್ಯಾಂಪಾರ್ಡ್ – ಮ್ಯಾನೇಜರ್‌ಗಳು ಬಂದರು, ಹೋದರು. ಒಬ್ಬರು ಇಷ್ಟಪಟ್ಟು ತರಿಸಿಕೊಂಡ ಆಟಗಾರ ಮುಂದಿನವರಿಗೆ ಬೇಡವಾದ. ದುಬಾರಿ ಬೆಲೆಗೆ ಬಂದವರು ಪುಡಿಗಾಸಿಗೆ ಹೋದರು, ಕೆಲವರು ಅದೂ ಇಲ್ಲದೆ ಹೋದರು. ಕೊನೆಗೆ ಲೆಕ್ಕ ಸರಿದೂಗಿಸಲು ಮಾರಬೇಕಾಗಿ ಬಂದದ್ದು ನಿಜವಾಗಿ ಆಡಬಲ್ಲವರನ್ನು: ರಿಚಾರ್ಲಿಸನ್ ಟಾಟನ್‌ಹ್ಯಾಮ್‌ಗೆ, ಆಂಥೊನಿ ಗಾರ್ಡನ್ ನ್ಯೂಕ್ಯಾಸಲ್‌ಗೆ, ಈ ಋತುವಿನ ಆರಂಭದಲ್ಲಿ ಇವೊಬಿ ಫುಲಮ್‌ಗೆ.

ಶಿಕ್ಷೆ ಆಗಲಿ, ಆದರೆ ಯಾರಿಗೆ? ಉಲ್ಲಂಘನೆಯ ಅವಧಿ ಮುಗಿದದ್ದು 2022ರ ಬೇಸಿಗೆಯಲ್ಲಿ. ಶಾನ್ ಡೈಚ್ ಮ್ಯಾನೇಜರ್ ಆಗಿ ಬಂದದ್ದು 2023ರ ಜನವರಿ ಕೊನೆಗೆ. ಜರಡ್ ಬ್ರ್ಯಾಂತ್‌ವೇಟ್ ತಂಡದ ಖಾಯಂ ಸೆಂಟರ್ ಬ್ಯಾಕ್ ಆದದ್ದು ಈ ಋತುವಿನಲ್ಲಿ. ಅದಕ್ಕೆ ಹಿಂದಿನ ವರ್ಷ ಅವನು ಎರವಲಾಗಿ ಹಾಲೆಂಡಿನ ಪಿಎಸ್‌ವಿಯಲ್ಲಿದ್ದ. ಚೆಕ್ಕಿಗೆ ಸಹಿ ಹಾಕಿದವರು ಬೇರೆ, ಮಳೆಯಲ್ಲಿ ತೊಂಬತ್ತು ನಿಮಿಷ ಓಡಿ ಆ ಅಂಕಗಳನ್ನು ಮರಳಿ ಗಳಿಸಬೇಕಾದವರು ಬೇರೆ. ಮಾಲೀಕರಿಗೆ ನೇರವಾಗಿ ದಂಡ ಹಾಕಿ, ಆಟಗಾರರ ಖರೀದಿಗೆ ತಡೆ ಹಾಕಿ, ಕ್ಲಬ್ಬಿನ ಆಡಳಿತದಿಂದ ಅವರನ್ನು ದೂರವಿಡಿ – ಇವೆಲ್ಲ ನನಗೆ ಒಪ್ಪಿಗೆ. ಅಂಕ ಕಿತ್ತುಕೊಳ್ಳುವುದು ಮಾತ್ರ ಸುಲಭದಲ್ಲಿ ಕೈಗೆ ಸಿಕ್ಕವರನ್ನು ದಂಡಿಸಿದ ಹಾಗೆ.

ಆ ತೀರ್ಪಿನ ತೂಕವೂ ಸರಿಯಿರಲಿಲ್ಲ. ಇದು ಬರೀ ಅಭಿಮಾನಿಯ ಮಾತಲ್ಲ. ಫೆಬ್ರವರಿ 26ರಂದು ಮೇಲ್ಮನವಿ ಮಂಡಳಿಯೇ 10ನ್ನು 6ಕ್ಕೆ ಇಳಿಸಿತು. ಕ್ರೀಡಾಂಗಣದ ಸಾಲದ ವಿಷಯದಲ್ಲಿ ಕ್ಲಬ್ ಪೂರ್ತಿ ಪ್ರಾಮಾಣಿಕವಾಗಿರಲಿಲ್ಲ ಎಂದು ಆಯೋಗ ತೀರ್ಮಾನಿಸಿದ್ದು ತಪ್ಪು, ಬೇರೆ ಲೀಗ್‌ಗಳ ಅಳತೆಗೋಲನ್ನು ಪರಿಗಣಿಸದೆ ಹೋದದ್ದೂ ತಪ್ಪು ಎಂದಿತು. ಅಲ್ಲಿಗೆ ಮುಗಿಯಿತೆಂದುಕೊಂಡರೆ, ಏಪ್ರಿಲ್ 8ರಂದು 2022–23ಕ್ಕೆ ಕೊನೆಯಾದ ಅವಧಿಯ ಲೆಕ್ಕಕ್ಕಾಗಿ ಮತ್ತೆ 2 ಅಂಕ ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೂ 4 ಅಂಕದ ಕಡಿತವಾಗಿತ್ತು. ಋತುವಿನ ನಡುವೆ ಅಂಕ ಕಳೆದು, ಕೂಡಿಸಿ, ಮತ್ತೆ ಕಳೆದರೆ ಪಂದ್ಯ ನೋಡುವವನು ಯಾವ ಪಟ್ಟಿಯನ್ನು ನಂಬಬೇಕು?

ಆಟಕ್ಕೆ ಬರೋಣ. ಕಡಿತದ ನಂತರದ ಮೊದಲ ಪಂದ್ಯ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ. ಲೀಗ್‌ನ ವಿರುದ್ಧ ಗುಲಾಬಿ ಬಣ್ಣದ ಫಲಕ ಹಿಡಿದು ಇಡೀ ಗುಡಿಸನ್ ಎದ್ದು ನಿಂತಿತ್ತು. ಮೂರನೇ ನಿಮಿಷಕ್ಕೇ ಯುನೈಟೆಡ್‌ನ ಗರ್ನಾಚೊ ಬೆನ್ನು ಹಿಂದೆ ಬಾಗಿಸಿ ಗಾಳಿಯಲ್ಲಿ ಹೊಡೆದ ಒದೆತ ಎಲ್ಲರ ಬಾಯಿ ಮುಚ್ಚಿಸಿತು. 3–0 ಸೋಲು. ಇಂಥ ಪೆಟ್ಟು ತಿಂದ ತಂಡ ಕುಸಿದಿದ್ದರೆ ಯಾರೂ ದೂರುತ್ತಿರಲಿಲ್ಲ. ಡಿಸೆಂಬರ್‌ನಲ್ಲಿ ಆದದ್ದೇ ಬೇರೆ. ಫಾರೆಸ್ಟ್, ನ್ಯೂಕ್ಯಾಸಲ್, ಚೆಲ್ಸಿ, ಬರ್ನ್‌ಲಿ – ಸಾಲಾಗಿ ನಾಲ್ಕು ಗೆಲುವು, ನಾಲ್ಕರಲ್ಲೂ ಒಂದು ಗೋಲೂ ಬಿಟ್ಟುಕೊಡಲಿಲ್ಲ. ನನ್ನ ಮಟ್ಟಿಗೆ ಈ ಋತುವಿನ ನಿಜವಾದ ಉತ್ತರ ಆ ಎರಡು ವಾರ.

ಆಮೇಲೆ ಬರಗಾಲ. ಕ್ರಿಸ್‌ಮಸ್‌ ಮುನ್ನಾದಿನಗಳಿಂದ ಏಪ್ರಿಲ್ ಆರಂಭದವರೆಗೆ 13 ಲೀಗ್ ಪಂದ್ಯ, ಒಂದೂ ಗೆಲುವಿಲ್ಲ. ಬ್ರೈಟನ್‌ನಲ್ಲಿ ಮುನ್ನಡೆ ಹಿಡಿದಿದ್ದೆವು, ಹೆಚ್ಚುವರಿ ಸಮಯದ ಐದನೇ ನಿಮಿಷದಲ್ಲಿ ಅವರ ಡಂಕ್ ಹೆಡರ್ ಹೊಡೆದು ಸಮ ಮಾಡಿದ. ವೆಸ್ಟ್ ಹ್ಯಾಮ್ ವಿರುದ್ಧ ನಮ್ಮ ಬೆಟೊ ಪೆನಾಲ್ಟಿಯನ್ನು ಗೋಲಾಗಿಸದೆ ಕೈಚೆಲ್ಲಿದ, ಕೊನೆಗೆ 3–1ರಿಂದ ಸೋತೆವು. ಬೋರ್ನ್‌ಮತ್‌ನಲ್ಲಿ ಕೊನೆಯ ಗಳಿಗೆಯಲ್ಲಿ ಸಮ ಮಾಡಿಕೊಂಡು, ಮರುಕ್ಷಣವೇ ನಮ್ಮ ನಾಯಕ ಕೋಲ್ಮನ್‌ಗೇ ತಾಗಿ ಚೆಂಡು ನಮ್ಮ ಗೋಲಿಗೆ ಹೋಯಿತು. ನಮ್ಮ ಸ್ಟ್ರೈಕರ್ ಡಾಮಿನಿಕ್ ಕ್ಯಾಲ್ವರ್ಟ್-ಲೂವಿನ್ ಅಕ್ಟೋಬರ್ ಕೊನೆಯಲ್ಲಿ ವೆಸ್ಟ್ ಹ್ಯಾಮ್ ಮೇಲೆ ಗೋಲು ಹೊಡೆದವನು, ಮುಂದಿನ ಗೋಲಿಗೆ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಈ ತಂಡದ ರೋಗ ಇರುವುದು ಇಲ್ಲೇ. ಇಡೀ ಲೀಗ್‌ನಲ್ಲಿ ನಮಗಿಂತ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡಗಳು ಮೂರೇ ಮೂರು: ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ, ಲಿವರ್‌ಪೂಲ್. ನಮಗಿಂತ ಕಡಿಮೆ ಗೋಲು ಹೊಡೆದದ್ದು ಒಂದೇ ತಂಡ: ಕಟ್ಟಕಡೆಯ ಸ್ಥಾನದಲ್ಲಿ ಇಳಿದು ಹೋದ ಶೆಫೀಲ್ಡ್ ಯುನೈಟೆಡ್. 51 ಬಿಟ್ಟೆವು, 40 ಹೊಡೆದೆವು. ಹಿಂದೆ ಟಾರ್ಕೌಸ್ಕಿ–ಬ್ರ್ಯಾಂತ್‌ವೇಟ್ ಜೋಡಿ, ಅವರ ಹಿಂದೆ 13 ಪಂದ್ಯಗಳಲ್ಲಿ ಗೋಲು ಬಿಡದ ಗೋಲ್‌ಕೀಪರ್ ಪಿಕ್‌ಫರ್ಡ್. ಇಷ್ಟು ಗಟ್ಟಿ ಹಿಂಬದಿ ಇಟ್ಟುಕೊಂಡು ಮುಂದೆ ಅರ್ಧದಷ್ಟಾದರೂ ಚುರುಕಿದ್ದಿದ್ದರೆ ಯುರೋಪಿನ ಸ್ಪರ್ಧೆಗಳ ಮಾತಾಡುತ್ತಿದ್ದೆವು. ಡೈಚ್ ಬಗ್ಗೆ ದೂರುವವರು ನಮ್ಮಲ್ಲೂ ಇದ್ದರು: ಉದ್ದನೆಯ ಚೆಂಡು, ಮಂಕಾದ ಆಟ ಎನ್ನುತ್ತಿದ್ದರು. ಹಣವಿಲ್ಲ, ಮಾಲೀಕರು ಇದ್ದೂ ಇಲ್ಲದ ಹಾಗೆ, ಅಂಕ ಯಾವಾಗ ಹೋಗುತ್ತದೋ ಗೊತ್ತಿಲ್ಲ – ಇಂಥ ಮನೆಯನ್ನು ಒಂದುಗೂಡಿಸಿಕೊಂಡು ಹೋದ ಮನುಷ್ಯನಿಗೆ ನಾನು ಕೃತಜ್ಞನಾಗಿದ್ದೇನೆ.

ಏಪ್ರಿಲ್ 15ರಂದು ಚೆಲ್ಸಿಯಲ್ಲಿ 6–0 ಸೋಲು, ಅದರಲ್ಲಿ ಕೋಲ್ ಪಾಮರ್ ಒಬ್ಬನದೇ ನಾಲ್ಕು. ಆ ರಾತ್ರಿ ಕೆಳಗಿಳಿಯುತ್ತೇವೆ ಎಂದೇ ಅನ್ನಿಸಿತ್ತು. ಆಮೇಲೆ ಗುಡಿಸನ್‌ನಲ್ಲಿ ಏಳೇ ದಿನಗಳಲ್ಲಿ ಮೂರು ಪಂದ್ಯ. 21ಕ್ಕೆ ಫಾರೆಸ್ಟ್ 2–0. 27ಕ್ಕೆ ಬ್ರೆಂಟ್‌ಫರ್ಡ್ 1–0. ನಡುವೆ, 24ರ ಬುಧವಾರ, ಡರ್ಬಿ – ಒಂದೇ ಊರಿನ ಲಿವರ್‌ಪೂಲ್ ವಿರುದ್ಧದ ಪಂದ್ಯ.

ಅದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬರೆಯುವ ಹಕ್ಕು ನಮಗೆ ವರ್ಷಗಳ ಮೇಲೆ ಸಿಕ್ಕಿದೆ. ಗುಡಿಸನ್‌ನಲ್ಲಿ ಲಿವರ್‌ಪೂಲ್ ತಂಡವನ್ನು ಇದಕ್ಕೆ ಮೊದಲು ನಾವು ಸೋಲಿಸಿದ್ದು 2010ರ ಅಕ್ಟೋಬರ್‌ನಲ್ಲಿ, ಕೇಹಿಲ್ ಮತ್ತು ಆರ್ಟೆಟಾ ಗೋಲು ಹೊಡೆದ ದಿನ. 2021ರಲ್ಲಿ ಅವರ ಮೈದಾನ ಆನ್‌ಫೀಲ್ಡ್‌ನಲ್ಲಿ ಗೆದ್ದೆವು ನಿಜ, ಆದರೆ ಕೋವಿಡ್ ಕಾಲ, ಖಾಲಿ ಕ್ರೀಡಾಂಗಣ. ಈ ಸಲ ಲಿವರ್‌ಪೂಲ್ ಪ್ರಶಸ್ತಿಯ ಓಟದಲ್ಲಿತ್ತು, ಅವರ ಮ್ಯಾನೇಜರ್ ಕ್ಲಾಪ್‌ಗೆ ಅದು ಕೊನೆಯ ಮರ್ಸಿಸೈಡ್ ಡರ್ಬಿ. 27ನೇ ನಿಮಿಷದಲ್ಲಿ ಫ್ರೀಕಿಕ್ ಪೆಟ್ಟಿಗೆಯೊಳಗೆ ಬಿತ್ತು, ಲಿವರ್‌ಪೂಲ್‌ನವರಿಗೆ ಅದನ್ನು ಹೊರಗೆ ಹಾಕಲಾಗಲಿಲ್ಲ. ಕಾಲುಗಳ ಗೊಂದಲದಲ್ಲಿ ಬ್ರ್ಯಾಂತ್‌ವೇಟ್ ಎಡಗಾಲಿನಿಂದ ನೆಲಕ್ಕಂಟಿ ಹೊಡೆದ ಚೆಂಡು ಅವರ ಗೋಲ್‌ಕೀಪರ್ ಆಲಿಸನ್‌ನ ದೇಹದ ಕೆಳಗೆ ನುಸುಳಿ, ನಿಧಾನವಾಗಿ, ಗೆರೆ ದಾಟಿತು. ದಾಟಿತೋ ಇಲ್ಲವೋ ಎಂಬ ಒಂದು ಕ್ಷಣ ಇತ್ತಲ್ಲ, ಆಗ ಯಾರೂ ಉಸಿರಾಡಿರಲಿಕ್ಕಿಲ್ಲ. 58ನೇ ನಿಮಿಷದಲ್ಲಿ ಮೆಕ್‌ನೀಲ್‌ನ ಕಾರ್ನರ್ ಎಲ್ಲರ ತಲೆಯ ಮೇಲಿಂದ ದೂರದ ಕಂಬದತ್ತ ಬಂತು. ಅಲ್ಲಿ ಕ್ಯಾಲ್ವರ್ಟ್-ಲೂವಿನ್ ಒಬ್ಬನೇ ನಿಂತಿದ್ದ. ತಿಂಗಳುಗಟ್ಟಲೆ ಗೋಲಿಗಾಗಿ ತಡಕಾಡಿದ ಅದೇ ಹುಡುಗ, ಈ ಸಲ ಕುತ್ತಿಗೆ ಬಿಗಿ ಹಿಡಿದು ಹಣೆಯಿಂದ ಹೊಡೆದ. 2–0. ಆ ಸೋಲಿನೊಂದಿಗೆ ಲಿವರ್‌ಪೂಲ್‌ನ ಪ್ರಶಸ್ತಿಯ ಆಸೆ ಬಹುಮಟ್ಟಿಗೆ ಕಮರಿತು. ಸಂಘದ ಕೆಂಪಿನ ಗೆಳೆಯರಿಗೆ ಅಂದು ನಾನು ಫೋನ್ ಮಾಡಲಿಲ್ಲ. ಅವರೇ ಮಾಡಿ ಅಭಿನಂದಿಸಿದರು, ಅದು ಅವರ ದೊಡ್ಡತನ.

ಋತು ಮುಗಿಯುವಾಗ ತವರಿನಲ್ಲಿ ಸತತ ಐದು ಗೆಲುವು, ಐದರಲ್ಲೂ ಎದುರಾಳಿಗೆ ಗೋಲಿಲ್ಲ. ಕಡಿತವಿಲ್ಲದಿದ್ದರೆ 12ನೇ ಸ್ಥಾನ ನಮ್ಮದು.

ಆದರೂ ನಾನು ಹೇಳಬೇಕೆಂದಿರುವ ಮಾತು ಬೇರೆ. ನಾವು ಅಭಿಮಾನಿಗಳು ಉಳಿಯುವುದನ್ನೇ ಹಬ್ಬ ಮಾಡಿಕೊಂಡುಬಿಟ್ಟಿದ್ದೇವೆ. 2022ರ ಮೇ 19ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ 0–2ರಿಂದ ಹಿಂದಿದ್ದು 3–2ರಿಂದ ಗೆದ್ದಾಗ ಜನ ಮೈದಾನಕ್ಕೆ ನುಗ್ಗಿ ಕುಣಿದರು. ಮರುವರ್ಷದ ಕೊನೆಯ ದಿನ ಬೋರ್ನ್‌ಮತ್ ಮೇಲೆ ಡುಕುರೆ ಹೊಡೆದ ಒಂದೇ ಗೋಲಿನಿಂದ ಬದುಕಿ, 36 ಅಂಕದಲ್ಲಿ 17ನೆಯವರಾಗಿ ಮುಗಿಸಿದಾಗಲೂ ಕುಣಿದೆವು. ಆ ಎರಡೂ ದಿನ ನನ್ನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ಆದರೆ ಇದು 1888ರಲ್ಲಿ ಫುಟ್‌ಬಾಲ್ ಲೀಗ್ ಕಟ್ಟಿದ ಹನ್ನೆರಡು ಕ್ಲಬ್ಬುಗಳಲ್ಲಿ ಒಂದು. ಒಂಬತ್ತು ಸಲ ಲೀಗ್ ಗೆದ್ದದ್ದು. 1954ರಿಂದ ಒಮ್ಮೆಯೂ ಮೇಲಿನ ವಿಭಾಗ ಬಿಟ್ಟಿಳಿಯದ್ದು. ಕೊನೆಯ ಕಪ್ ಗೆದ್ದದ್ದು 1995ರಲ್ಲಿ. ಉಳಿದದ್ದಕ್ಕೇ ನಾವು ಚಪ್ಪಾಳೆ ತಟ್ಟುತ್ತಿದ್ದರೆ ಕ್ಲಬ್ ನಡೆಸುವವರಿಗೆ ಅದಕ್ಕಿಂತ ಹೆಚ್ಚಿನದನ್ನು ಕೊಡುವ ಒತ್ತಡವಾದರೂ ಎಲ್ಲಿಂದ ಬರಬೇಕು? ಈ ಋತುವಿನ ಹುಡುಗರನ್ನು ಉಳಿದದ್ದಕ್ಕಾಗಿ ಹೊಗಳಬೇಡಿ. ಅವರು 48 ಅಂಕ ಗಳಿಸಿದರು, ಅದಕ್ಕಾಗಿ ಹೊಗಳಿ. ಮುಂದಿನ ವರ್ಷ 48ರಿಂದ ಲೆಕ್ಕ ಶುರುವಾಗಲಿ.

ಹಾಗಾಗಬೇಕಾದರೆ ಮೊದಲು ಮಾಲೀಕತ್ವದ ಪ್ರಶ್ನೆ ಬಗೆಹರಿಯಬೇಕಿತ್ತು. 2023ರ ಸೆಪ್ಟೆಂಬರ್‌ನಲ್ಲಿ 777 ಪಾರ್ಟ್ನರ್ಸ್ ಎಂಬ ಹೂಡಿಕೆ ಕಂಪನಿಗೆ ಕ್ಲಬ್ ಮಾರುವ ಒಪ್ಪಂದವಾಯಿತು. ಋತು ಮುಗಿದಾಗಲೂ ಅದು ಪೂರ್ಣಗೊಂಡಿರಲಿಲ್ಲ, ಆಮೇಲೆ ಮುರಿದೇಬಿತ್ತು. ಯಾರೇ ಬರಲಿ, ಹಣ ಎಲ್ಲಿಂದ ತರುತ್ತಾರೆ, ಎಷ್ಟು ವರ್ಷಕ್ಕೆ ಏನು ಮಾಡುತ್ತಾರೆ ಎಂಬುದನ್ನು ಅಭಿಮಾನಿಗಳ ಮುಂದೆ ಬಿಚ್ಚಿಡಲಿ. 2024ರ ಜೂನ್ 30ಕ್ಕೆ ಲೆಕ್ಕದ ವರ್ಷ ಮುಗಿಯುವುದಿತ್ತು, ಅದರೊಳಗೆ ಯಾರನ್ನಾದರೂ ಮಾರಲೇಬೇಕಾಗಬಹುದಿತ್ತು. ಬ್ರ್ಯಾಂತ್‌ವೇಟ್‌ನನ್ನು ಮಾತ್ರ ಮಾರಬಾರದು. ಕಾರ್ಲೈಲ್‌ನಿಂದ ಹದಿಹರೆಯದಲ್ಲೇ ಬಂದು ಇಪ್ಪತ್ತೊಂದಕ್ಕೆ ಇಂಥ ಹಿಂಬದಿಯನ್ನು ಹೊತ್ತ ಹುಡುಗ ಮತ್ತೆ ಸಿಗುವುದಿಲ್ಲ. ಬಂದ ಹಣ ಎಷ್ಟೇ ಇರಲಿ, ಒಬ್ಬ ನಂಬಿಕಸ್ಥ ಗೋಲು ಹೊಡೆಯುವವನಿಗೆ ಹೋಗಲಿ.

ಕೊನೆಯದಾಗಿ ಒಂದು ಮಾತು. 1892ರಿಂದ ಈ ತಂಡ ಆಡಿದ ಗುಡಿಸನ್ ಪಾರ್ಕ್‌ನಲ್ಲಿ ಅದಕ್ಕೆ 2024–25ರ ಋತುವೇ ಕೊನೆಯದಾಯಿತು. ಬ್ರ್ಯಾಮ್ಲಿ-ಮೂರ್ ಹಡಗುಕಟ್ಟೆಯಲ್ಲಿ ಐವತ್ತೆರಡು ಸಾವಿರಕ್ಕೂ ಹೆಚ್ಚು ಆಸನಗಳ ಹೊಸ ಕ್ರೀಡಾಂಗಣ ಎದ್ದಿದೆ. ಹಳೆಯದರಲ್ಲಿ ಕಂಬಗಳು ಅಡ್ಡ ಬರುತ್ತಿದ್ದವು, ಕೆಲವು ಆಸನಗಳು ಮರದವಾಗಿದ್ದವು, ಮೂಲೆಯಲ್ಲಿ ಸಂತ ಲ್ಯೂಕ್‌ನ ಚರ್ಚು ಅಂಗಳಕ್ಕೇ ಅಂಟಿಕೊಂಡಿದೆ. 1966ರ ವಿಶ್ವಕಪ್‌ನಲ್ಲಿ ಪೋರ್ಚುಗಲ್‌ನ ಯೂಸೆಬಿಯೊ ಉತ್ತರ ಕೊರಿಯಾದ ಮೇಲೆ ನಾಲ್ಕು ಗೋಲು ಹೊಡೆದದ್ದು ಇದೇ ಹುಲ್ಲಿನ ಮೇಲೆ. ಯಾವ ತಂಡದ ಅಭಿಮಾನಿಯಾದರೂ ಸರಿ, ಒಮ್ಮೆ ನೋಡಿ ಬನ್ನಿ.  ಜೊತೆಯಾಗಿ ಹೊರಡುವ ಮನಸ್ಸಿದ್ದರೆ ಸಂಪಾದಕ ಮಂಡಳಿಗೆ ತಿಳಿಸಿ.